ದ್ಯಾಮವ್ವನ ಬಾಗಿಲು

ನೇಮಕಾತಿ ಪತ್ರದಲ್ಲಿ ನನ್ನ ಹುದ್ದೆಗೆ ‘ಸಾರ್ವಜನಿಕ ಸಂಪರ್ಕ ಸಹಾಯಕಿ’ ಎಂದು ಬರೆದಿದ್ದರು. ನಾನು ಮಾಡುತ್ತಿದ್ದದ್ದು ಇಷ್ಟು: ಹಳೇ ಬಸ್‌ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನಿಂಬೆವ್ವನ ಮುಖ ನೋಡುವುದು. ಮುಖ ಬದಲಾದರೆ ಏಣಿ ಹತ್ತಿ ಅದರ ಕೆಳಗಿನ ಬರಹದ ಬಟ್ಟೆ ಬದಲಾಯಿಸುವುದು.

ಮುಖ ಮೂವತ್ತು ಅಡಿ ಎತ್ತರವಿತ್ತು. ಊರಿನಲ್ಲಿ ಅದಕ್ಕಿಂತ ದೊಡ್ಡ ಬೋರ್ಡು ಅದುವರೆಗೆ ಎದ್ದಿರಲಿಲ್ಲ. ನಿಂಬೆವ್ವ ಕೆಳಗಿನ ಓಣಿಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡ ಹೆಂಗಸು, ಮೆಟ್ಟಿಲು ಸಂಸ್ಥೆಯ ಮೊತ್ತಮೊದಲ ಸಾಲಗಾರ್ತಿ. ಇಪ್ಪತ್ತು ವರ್ಷದ ಹಿಂದೆ, ಸಂಸ್ಥೆ ಕಟ್ಟಿದ ಉಳವಪ್ಪನವರು ತಮ್ಮ ಜೇಬಿನಿಂದ ತೆಗೆದ ಮೊದಲ ಸಾಲವನ್ನು ಅವಳ ಕೈಗೇ ಕೊಟ್ಟಿದ್ದರು. ಆಮೇಲೆ ಆ ಸಾಲ ಎರಡು ಲಕ್ಷ ಹೆಂಗಸರ ಕೈಗೆ ಹೋಯಿತು. ಉಳವಪ್ಪನವರಿಗೆ ಶಾಲು, ಪದಕ, ಗೌರವ ಡಾಕ್ಟರೇಟು ಎಲ್ಲ ಬಂದವು. ಈಗ ಸಮುದ್ರದಾಚೆಯ ಒಂದು ದೊಡ್ಡ ಪ್ರಶಸ್ತಿಯ ಸಮಿತಿ, ಕೊಡುವ ಮೊದಲು ಒಮ್ಮೆ ಕಣ್ಣಾರೆ ನೋಡಿ ಹೋಗಲು ಬರುವುದಿತ್ತು. ಅವರು ಖುಷಿಯಾಗಿ ಹೋದರೆ ನನ್ನ ಕೆಲಸ ಕಾಯಂ ಆಗುತ್ತಿತ್ತು. ಇಲ್ಲದಿದ್ದರೆ ಮೂರು ತಿಂಗಳಿಗೆ ಮುಗಿಯುತ್ತಿತ್ತು.

ನಮ್ಮೂರಲ್ಲಿ ಫೋಟೊಗಳು ತೆಗೆದ ಹೊತ್ತಿನ ಮುಖವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಫೋಟೊದಲ್ಲಿರುವವರು ಈ ಗಳಿಗೆಯಲ್ಲಿ ಯಾವ ಮುಖ ಮಾಡಿಕೊಂಡಿದ್ದಾರೋ ಅಲ್ಲಿಯೂ ಅದೇ ಕಾಣುತ್ತದೆ. ಮುಖಕ್ಕೆ ಅರಿಶಿನ ಹಚ್ಚಿದರೆ ಅಲ್ಲೂ ಅರಿಶಿನ, ಬಾಯಲ್ಲಿ ಬೇವಿನಕಡ್ಡಿ ಇಟ್ಟರೆ ಅಲ್ಲೂ ಬೇವಿನಕಡ್ಡಿ. ಊರು ಇದಕ್ಕೆ ಹೊಂದಿಕೊಂಡಿದೆ. ಮದುವೆ ಫೋಟೊವನ್ನು ಗೋಡೆಗೆ ಮುಖ ಮಾಡಿ ನೇತುಹಾಕುತ್ತಾರೆ. ಜಗಳದ ಮಾರನೆಯ ದಿನ ಒಮ್ಮೆ ತಿರುಗಿಸಿ ನೋಡಿ, ಮಾತಾಡಿಸುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಕೆಲವು ಹೆಂಗಸರು ಗಂಡನ ಪಾಸ್‌ಪೋರ್ಟ್ ಸೈಜಿನ ಫೋಟೊವನ್ನು ಎಲೆಅಡಿಕೆ ಸಂಚಿಯಲ್ಲಿಟ್ಟುಕೊಂಡು, ಸಂತೆಯ ದಿನ ಸಂಜೆ ಕಣ್ಣು ಕೆಂಪಾಗಿದೆಯೇ ಎಂದು ತೆಗೆತೆಗೆದು ನೋಡುತ್ತಾರೆ. ಚುನಾವಣೆಗೆ ನಿಂತವರು ತಮ್ಮ ಫೋಟೊ ಹಾಕಿಸದೆ ತೀರಿಹೋದ ಅಪ್ಪನದ್ದು ಹಾಕಿಸುತ್ತಾರೆ, ಏಕೆಂದರೆ ಸತ್ತವರ ಮುಖ ಅಲುಗಾಡುವುದಿಲ್ಲ. ನಾನಿದ್ದ ಹಾಸ್ಟೆಲ್ಲಿನ ಲೈಬ್ರರಿಯ ಗೋಡೆಯ ತುಂಬ ಸತ್ತವರೇ ಇದ್ದರು. ಯಾರಾದರೂ ಆಕಳಿಸಿದರೆ ಓದುವವರಿಗೆ ನಿದ್ದೆ ಬರುತ್ತದೆಂದು ವಾರ್ಡನ್ ಬದುಕಿದ್ದವರನ್ನು ಒಳಗೆ ಬಿಡುತ್ತಿರಲಿಲ್ಲ.

ಹೀಗಿರುವಾಗ ಬದುಕಿರುವ ಹೆಂಗಸಿನ ಮುಖವನ್ನು ಸರ್ಕಲ್ಲಿನಲ್ಲಿ ನಿಲ್ಲಿಸಲು ನಮ್ಮೂರಿನ ಯಾರೂ ಹೋಗುತ್ತಿರಲಿಲ್ಲ. ನಿಲ್ಲಿಸಿದವರು ಪ್ರಭಂಜನ ಸರ್. ಅವರು ಸಂಸ್ಥೆಯ ಸಂಪರ್ಕಾಧಿಕಾರಿ, ದೊಡ್ಡ ಊರಿನಿಂದ ಬಂದವರು. ಬಡತನದಿಂದ ಮೇಲೆದ್ದವರು ಜೀವಂತ ಇರಬೇಕು ಎಂಬುದು ಅವರ ಹಟ. “ಸತ್ತ ಫಲಾನುಭವಿಯನ್ನು ಯಾರಾದರೂ ತೋರಿಸ್ತಾರೇನ್ರೀ?” ಎಂದು ಕೇಳಿದರು. ಉಳವಪ್ಪನವರದೇ ಹಾಕಬಹುದಿತ್ತು. ಆದರೆ ಕ್ಯಾಮೆರಾ ಕಂಡ ಕೂಡಲೇ ಅವರು “ನಾನೇನೂ ಅಲ್ರೀ, ಈ ತಾಯಂದ್ರ ಎಲ್ಲಾ” ಎಂದು ಬೆನ್ನು ತಿರುಗಿಸುತ್ತಿದ್ದರು. ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿ ಅವರ ಬೆನ್ನು ಬಂದಿದೆ. ಆ ವಿನಯದ ಬಗ್ಗೆ ಸಂಪಾದಕೀಯಗಳೂ ಬಂದಿವೆ.

ಬೋರ್ಡು ಎದ್ದ ಮೊದಲ ವಾರವೇ ಪ್ರಭಂಜನ ಸರ್‌ಗೆ ತಮ್ಮ ತಪ್ಪು ಗೊತ್ತಾಯಿತು. ನಿಂಬೆವ್ವ ಬೆಳಿಗ್ಗೆ ಏಳಕ್ಕೆ ಭಟ್ಟಿಯ ಹೊಗೆಗೆ ಕಣ್ಣು ಕಿರಿದು ಮಾಡುತ್ತಿದ್ದಳು. ಹನ್ನೊಂದಕ್ಕೆ ರೊಟ್ಟಿ ತಿನ್ನುತ್ತಿದ್ದಳು, ಮೂವತ್ತು ಅಡಿ ದವಡೆ ಸರ್ಕಲ್ಲಿನ ಮೇಲೆ ಆಡುತ್ತಿತ್ತು. ಎರಡಕ್ಕೆ ಬಾಯಿ ತೆರೆದು ನಿದ್ದೆ. ಬೋರ್ಡು ಇಳಿಸಿದರೆ ಖರ್ಚಿಗೆ ಉತ್ತರ ಕೊಡಬೇಕಿತ್ತು. ಆದ್ದರಿಂದ ಅವರು ಬೋರ್ಡನ್ನು ಉಳಿಸಿಕೊಂಡು ಕೆಳಗೆ ಹಾಕಲು ಏಳು ಬಟ್ಟೆ ಬರೆಸಿದರು, ಅವನ್ನು ಹಾಕಿ ತೆಗೆಯಲು ನನ್ನನ್ನು ತೆಗೆದುಕೊಂಡರು. ಅವಳು ನಿದ್ದೆ ಹೋದರೆ ‘ಈಗ ನೆಮ್ಮದಿ’. ರೊಟ್ಟಿ ಅಗಿದರೆ ‘ಈಗ ಹೊಟ್ಟೆತುಂಬ’. ಹೊಗೆಗೆ ಕಣ್ಣೀರು ಬಂದರೆ ‘ಈಗ ಆನಂದಬಾಷ್ಪ’. ಸೊಸೆಯ ಮೇಲೆ ಹುಬ್ಬು ಗಂಟಿಕ್ಕಿದರೆ ‘ಈಗ ಉದ್ಯಮದ ಚಿಂತನೆ’. ಬೆವರಿಗೆ ‘ಈಗ ಸ್ವಂತ ದುಡಿಮೆ’. ಸುಮ್ಮನಿದ್ದರೆ ‘ಈಗ ಸ್ವಾಭಿಮಾನ’. ಏಳನೆಯದು ನಗುವಿಗೆ, ಅದು ಬಿಚ್ಚದೆ ಹೊಸದಾಗಿಯೇ ಉಳಿದಿತ್ತು.

ಜನ ಬೇಗ ರೂಢಿ ಮಾಡಿಕೊಂಡರು. ಸರ್ಕಲ್ಲಿನ ಚಹಾದಂಗಡಿಯ ಸಿದ್ರಾಮಣ್ಣ ಗಡಿಯಾರ ನೋಡುವುದನ್ನೇ ಬಿಟ್ಟ. “ನಿಂಬಕ್ಕ ರೊಟ್ಟಿ ಮುಗಿಸಿದ್ಲು, ಹೊಸಾ ಹಾಲು ಇಡೋ ಹೊತ್ತಾತು” ಎನ್ನುತ್ತಿದ್ದ. ಎಲ್ಲರಿಗೂ ಇದು ತಮಾಷೆ, ನಿಂಬೆವ್ವನಿಗೆ ಮಾತ್ರ ಕಿರಿಕಿರಿ. ಒಂದು ದಿನ ಸಂತೆಗೆ ಬಂದವಳು ಏಣಿಯ ಕೆಳಗೆ ನಿಂತು ನನಗೆ ಹೇಳಿದಳು: “ಏ ಇಂದೂ, ನಿನ್ನೆ ಹಾಗಲಕಾಯಿ ಪಲ್ಯ ತಿಂದ್ನಿ. ಇವತ್ತ ಆರು ಮಂದಿ ನಿಲ್ಲಿಸಿ ಕೇಳಿದ್ರು, ಕಹಿ ಆಗಿತ್ತೇನ ಅಂತ. ನನ್ನ ನಾಲಿಗಿ ಊರಿನ ಸೊತ್ತಾಗೇತಿ ನೋಡವ್ವಾ.”

ಸಮಿತಿ ಬರಲು ಹತ್ತು ದಿನವಿದ್ದಾಗ ಪ್ರಭಂಜನ ಸರ್ ನಗುವಿನ ತಾಲೀಮಿಗೆಂದು ಅವಳನ್ನು ಆಫೀಸಿಗೆ ಕರೆಸಿದರು. ಅವಳು ಆಫೀಸಿಗೆ ಬಂದದ್ದು ಅದೇ ಮೊದಲು. ಸರ್ ತಮ್ಮ ಹಲ್ಲು ತೋರಿಸಿ, “ಹೀಗೆ, ಒಂದು ಗಂಟೆ, ಎಡೆಬಿಡದೆ” ಎನ್ನುತ್ತಿದ್ದರು. ನಿಂಬೆವ್ವ ಅವರ ಹಲ್ಲು ನೋಡದೆ ನನ್ನ ಟೇಬಲ್ ನೋಡುತ್ತಿದ್ದಳು.

ನನ್ನ ಟೇಬಲ್ ಎಂದರೆ ಎರಡು ಡ್ರಮ್ಮಿನ ಮೇಲೆ ಅಡ್ಡ ಹಾಕಿದ ಹಲಗೆ. ಒಂದು ಬದಿಯಲ್ಲಿ ಕಬ್ಬಿಣದ ಚಿಲಕವಿತ್ತು, ಅದಕ್ಕೆ ನಾನು ನನ್ನ ಬ್ಯಾಗ್ ಸಿಕ್ಕಿಸುತ್ತಿದ್ದೆ. ಇನ್ನೊಂದು ಅಂಚಿನಲ್ಲಿ ಇದ್ದಿಲಿನ ಗೀಟುಗಳಿದ್ದವು, ಒಂದರ ಮೇಲೊಂದು. ನಾನು ಬಂದ ದಿನದಿಂದ ಅದರ ಮೇಲೆಯೇ ಬರೆಯುತ್ತಿದ್ದೆ, ಊಟ ಮಾಡುತ್ತಿದ್ದೆ. ಅದು ಎಲ್ಲಿಂದ ಬಂತೆಂದು ಕೇಳಿರಲಿಲ್ಲ.

“ಇದು ಇಲ್ಲಿಗೆ ಬಂದೇತಿ?” ಎಂದಳು ನಿಂಬೆವ್ವ.

“ಯಾವುದಮ್ಮ? ಟೇಬಲ್ಲಾ?” ಎಂದರು ಸರ್.

“ಚಿಲಕ ಇರೂ ಟೇಬಲ್ ನಾ ಕಂಡಿಲ್ರೀ.” ಅವಳು ಬಗ್ಗಿ ಇದ್ದಿಲಿನ ಗೀಟಿನ ಮೇಲೆ ಬೆರಳಿಟ್ಟಳು. “ಇದು ಚಂದ್ರಿ ಏಳನೇ ಇಯತ್ತೆ ಇದ್ದಾಗಿನ ಎತ್ತರ. ಇದು ಒಂಬತ್ತನೇ ಇಯತ್ತೆ. ಇದರ ಮ್ಯಾಲೆ ಗೀಟಿಲ್ಲ, ಯಾಕಂದ್ರ ಅಷ್ಟೊತ್ತಿಗೆ ಬಾಗಲಾ ನಾ ಕಿತ್ಕೊಂಡು ಬಂದಿದ್ನಿ.”

ಸಂಗತಿ ಹೀಗಿತ್ತು. ಮೆಟ್ಟಿಲಿನ ಸಾಲ ಒಬ್ಬರಿಗೆ ಸಿಗುವುದಿಲ್ಲ, ಐವರ ಕೂಟಕ್ಕೆ ಸಿಗುತ್ತದೆ. ಮಂಗಳವಾರ ಹುಣಸೆಮರದ ಕೆಳಗೆ ಕೂಟ. ಒಬ್ಬಳು ಕಂತು ತರದಿದ್ದರೆ ಉಳಿದ ನಾಲ್ವರಿಗೂ ಮುಂದಿನ ಸಾಲವಿಲ್ಲ. ಆಗ ಕೂಟದ ಮುಖ್ಯಸ್ಥೆ ತಪ್ಪಿದವಳ ಮನೆಗೆ ಹೋಗಿ ‘ನೆನಪು’ ತರಬೇಕು. ಕೊಡವೋ, ಮೇಕೆಯೋ, ಕಣ್ಣಿಗೆ ಕಂಡದ್ದು. ಸಂಸ್ಥೆಯ ನೌಕರ ಆ ಹೊತ್ತಿನಲ್ಲಿ ಮರದ ಕೆಳಗೆ ಕೂತು ರಸ್ತೆಯ ಕಡೆ ನೋಡಬೇಕು. ಅದೂ ನಿಯಮವೇ. ಹನ್ನೊಂದು ತಿಂಗಳ ಹಿಂದೆ ನಿಂಬೆವ್ವನ ನೆರೆಯ ದ್ಯಾಮವ್ವ ಜ್ವರದಲ್ಲಿ ಮಲಗಿ ನಾಲ್ಕು ಕಂತು ತಪ್ಪಿಸಿದಳು. ಮನೆಯಲ್ಲಿ ಕೊಡವೂ ಇರಲಿಲ್ಲ, ಮೇಕೆಯೂ ಇರಲಿಲ್ಲ. ಕೂಟದ ಮುಖ್ಯಸ್ಥೆಯಾಗಿದ್ದ ನಿಂಬೆವ್ವ ಬಾಗಿಲನ್ನೇ ಬಿಚ್ಚಿಕೊಂಡು ತಲೆಯ ಮೇಲೆ ಹೊತ್ತು ಸಂಸ್ಥೆಯ ಓಣಿಯ ಶಾಖೆಯಲ್ಲಿ ಇಟ್ಟು ಬಂದಳು. ಶಾಖೆಯಿಂದ ಅದು ಇಲ್ಲಿಗೆ ಬಂತು. ಅಂದಿನಿಂದ ದ್ಯಾಮವ್ವನ ಮನೆಯ ಚೌಕಟ್ಟಿಗೆ ಒಂದು ಹಳೇ ಸೀರೆ ತೂಗುತ್ತಿದೆ. ಒಳಗೆ ಹದಿನಾರರ ಮಗಳು ಚಂದ್ರಿ ಇದ್ದಾಳೆ, ಅದಕ್ಕೇ ದ್ಯಾಮವ್ವ ಹೊಸ್ತಿಲಿಗೆ ಅಡ್ಡ ಮಲಗುತ್ತಾಳೆ. ಎದುರುಬದುರು ಮನೆಯಾದರೂ ಅವಳು ನಿಂಬೆವ್ವನ ಕೂಡ ಒಂದು ಮಾತಾಡಿಲ್ಲ. ನಿಂಬೆವ್ವ ಭಟ್ಟಿಯಿಂದ ಮನೆಗೆ ಹಿಂದಿನ ಚರಂಡಿಯ ದಾರಿಯಲ್ಲಿ ಸುತ್ತಿ ಹೋಗುತ್ತಾಳೆ.

“ಆ ನಾಲ್ಕ ಕಂತು ಆಕಿ ಯಾವಾಗೋ ಮುಟ್ಟಿಸ್ಯಾಳ್ರೀ,” ಎಂದಳು ನಿಂಬೆವ್ವ. “ಬಾಗಲಾ ಕೊಟ್ಟುಬಿಡ್ರಿ. ನಾನ ಹೊತ್ಕೊಂಡ ಹೋಗ್ತೀನಿ.”

ಪ್ರಭಂಜನ ಸರ್ ಒಳ್ಳೆಯ ಮನುಷ್ಯರು. ಅವರಿಗೆ ಕೋಪ ಬರುವುದೇ ಇಲ್ಲ. ಅವರು ಕುರ್ಚಿ ಎಳೆದುಕೊಂಡು ಅವಳ ಎದುರು ಕೂತು ಮೆಲ್ಲಗೆ ಹೇಳಿದರು: “ನೋಡಿ ಅಮ್ಮ, ಸಂಸ್ಥೆ ಇವತ್ತಿನವರೆಗೂ ಯಾರ ಮನೆಯಿಂದಲೂ ಒಂದು ಚಮಚ ಕೂಡ ತಂದಿಲ್ಲ. ಉಳವಪ್ಪನವರು ಇದನ್ನ ಹದಿನೇಳು ದೇಶದಲ್ಲಿ ಹೇಳಿದಾರೆ. ತಂದೇ ಇಲ್ಲದ್ದನ್ನ ವಾಪಸ್ ಹೇಗೆ ಕೊಡೋದು? ಕೊಟ್ಟರೆ ತಂದಿದ್ವಿ ಅಂತ ಆಗುತ್ತೆ.”

“ತಂದಾಕಿ ನಾನಲ್ರೀ?”

“ಅದು ನಿಮ್ಮ ಅಕ್ಕತಂಗಿಯರ ನಡುವಿನ ವಿಷಯ. ನಾವು ನಡುವೆ ಬರೋಕ್ಕಾಗುತ್ತಾ?”

“ಹಂಗಾರ ನಮ್ಮ ಬಾಗಲಾ ನಿಮ್ಮ ಆಫೀಸಿನ್ಯಾಗ ಏನ್ ಮಾಡಾಕತ್ತೇತಿ?”

“ಇಲ್ಲಿ ಬಾಗಿಲೇ ಇಲ್ಲವಲ್ಲಮ್ಮ. ಟೇಬಲ್ ಇದೆ.” ಸರ್ ಸ್ವಲ್ಪ ಯೋಚಿಸಿ, ಮುಖ ಅರಳಿಸಿ ಸೇರಿಸಿದರು: “ಆಕೆಗೆ ಬಾಗಿಲು ಬೇಕಾದರೆ ಒಂದು ದಾರಿ ಇದೆ. ‘ದ್ವಾರಭಾಗ್ಯ’ ಅಂತ ಹೊಸ ಸಾಲದ ಯೋಜನೆ ತರಬಹುದು. ಆಕೆಯೇ ಮೊದಲ ಫಲಾನುಭವಿ. ಇಂದೂ, ಬರಕೊಳ್ಳಮ್ಮ.” ನಾನು ಬಾಗಿಲಿನ ಮೇಲೆ ಕಾಗದವಿಟ್ಟು ಬರೆದುಕೊಂಡೆ.

ನಿಂಬೆವ್ವ ಎದ್ದು ಹೋದಳು. ಆ ಮಧ್ಯಾಹ್ನದಿಂದ ಸರ್ಕಲ್ಲಿನಲ್ಲಿ ಒಂದು ಹೊಸ ಮುಖ ಶುರುವಾಯಿತು. ಕೆಳದುಟಿ ಮುಂದಕ್ಕೆ, ಮೂಗಿನ ಹೊಳ್ಳೆ ಹಿಗ್ಗಿ, ಒಂದು ಹುಬ್ಬು ಮೇಲೆ. ಹಳಸಿದ ಸಾರಿನ ಪಾತ್ರೆಗೆ ಬಗ್ಗಿ ನೋಡಿದವರ ಮುಖ. ನಾನು ನಗುವಿನದ್ದೊಂದು ಬಿಟ್ಟು ಆರೂ ಬಟ್ಟೆಗಳನ್ನು ಒಂದೊಂದಾಗಿ ಹಾಕಿ ಇಳಿದು ನೋಡಿದೆ. ‘ಈಗ ಸ್ವಾಭಿಮಾನ’ ಹಾಕಿದಾಗ ಸಿದ್ರಾಮಣ್ಣ ಕೈಯಲ್ಲಿದ್ದ ಗ್ಲಾಸು ಬೀಳಿಸಿ ನಕ್ಕ. ಮೂರು ದಿನ ಅದೇ ಮುಖ. ನಿದ್ದೆಯಲ್ಲೂ ಕೆಳದುಟಿ ಒಳಗೆ ಹೋಗಲಿಲ್ಲ. ಸರ್ಕಲ್ಲಿನಲ್ಲಿ ಎರಡು ಸೈಕಲ್ಲು ಡಿಕ್ಕಿಯಾದವು.

ನಾಲ್ಕನೆಯ ದಿನ ಸರ್ ನನ್ನನ್ನು ಕರೆದುಕೊಂಡು ಭಟ್ಟಿಗೆ ಹೋದರು. ಮರಳು ಕಾಯುವ ಒಲೆ, ಹೊಟ್ಟಿನ ಧೂಳು, ಶೆಕೆ. ನಿಂಬೆವ್ವ ಉದ್ದ ಹಿಡಿಯ ಸೌಟಿನಲ್ಲಿ ಮರಳು ಕೆದಕುತ್ತಿದ್ದಳು, ಅಕ್ಕಿ ಸಿಡಿದು ಮಂಡಕ್ಕಿಯಾಗಿ ಏಳುತ್ತಿತ್ತು. ಸರ್ ಕರ್ಚೀಫನ್ನು ಮೂಗಿಗೆ ಹಿಡಿದುಕೊಂಡೇ ಹೇಳಿದರು: “ಆಯ್ತಮ್ಮ, ಕಾರ್ಯಕ್ರಮ ಮುಗಿದ ಸಂಜೆ ಬಾಗಿಲು ನಿಮ್ಮ ಮನೆಗೆ ಬರುತ್ತೆ.”

“ನಮ್ಮನಿಗೆ ಬ್ಯಾಡ್ರೀ. ದ್ಯಾಮವ್ವನ ಮನಿಗೆ.”

“ಆಕೆ ಮನೆಗೇ ಬರುತ್ತೆ. ನೀವು ಒಂದು ಗಂಟೆ ನಗಬೇಕು ಅಷ್ಟೆ. ಹನ್ನೊಂದರಿಂದ ಹನ್ನೆರಡು.”

“ಆಣಿ ಮಾಡ್ರಿ.”

ಸರ್ ಕೈ ಮುಂದೆ ಮಾಡಿದರು. ನಿಂಬೆವ್ವ ಬಿಸಿ ಮಂಡಕ್ಕಿಯನ್ನು ಅವರ ಅಂಗೈಗೆ ಸುರಿದಳು. ಅನ್ನದ ಮೇಲೆ ಆಣೆ ಎಂದು. ಅವರು ಬಿಸಿಗೆ ಕುಣಿಯುತ್ತ ‘ಆಣೆ ಆಣೆ’ ಎಂದರು. ನಾವು ಸರ್ಕಲ್ಲಿಗೆ ಮರಳುವಷ್ಟರಲ್ಲಿ ಬೋರ್ಡು ನಗುತ್ತಿತ್ತು. ಹೊಸದಾಗಿ ಉಳಿದಿದ್ದ ಏಳನೆಯ ಬಟ್ಟೆಯನ್ನು ಅಂದು ಮೊದಲ ಸಲ ಬಿಚ್ಚಿದೆ: ‘ಈಗ ನಗು, ಎಂದೆಂದಿಗೂ’.

ಸಮಿತಿ ಬರುವ ಹಿಂದಿನ ದಿನ ಸರ್ ನನ್ನಿಂದ ಒಂದು ಹೇಳಿಕೆ ಬರೆಸಿದರು. ‘ಸಂಸ್ಥೆಯು ಇಂದಿನವರೆಗೆ ಯಾವ ತಾಯಿಯ ಮನೆಯಿಂದಲೂ ಯಾವ ವಸ್ತುವನ್ನೂ ತಂದಿಲ್ಲ, ತರಿಸಿಲ್ಲ, ಇರಿಸಿಕೊಂಡಿಲ್ಲ.’ ಬರೆಯುವಾಗ ಕಾಗದದ ಕೆಳಗೆ ಬಾಗಿಲಿನ ಒಂದು ಗಂಟು ಪೆನ್ನಿಗೆ ತಡೆಯಿತು, ‘ಇರಿಸಿಕೊಂಡಿಲ್ಲ’ದ ಮಧ್ಯೆ ಒಂದು ತೂತು ಬಿತ್ತು.

“ಸರ್, ನಾಳೆ ಸಂಜೆ ಬಾಗಿಲು ಕಳಿಸೋಕೆ ಗಾಡಿ ಹೇಳಲಾ?” ಎಂದು ಕೇಳಿದೆ.

“ಯಾವ ಬಾಗಿಲು?” ಎಂದರು.

ಅವರು ನಾಟಕ ಮಾಡಲಿಲ್ಲ. ನಿಜವಾಗಿಯೂ ಕೇಳಿದರು. ಒಂದು ಮಾತನ್ನು ಅಷ್ಟು ಸಲ ಬರೆಸಿ, ತಿದ್ದಿ, ಓದಿಸಿದ ಮೇಲೆ ಅದು ಮನುಷ್ಯನ ಒಳಗೆ ಹೋಗಿ ಕೂರುತ್ತದೆ. ಅವರಿಗೆ ಈಗ ಟೇಬಲ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆ ನಾನು ಭಟ್ಟಿಗೆ ಹೋದೆ. ಮುಖ ತೊಳೆಸಿ, ಹೊಟ್ಟು ಒರೆಸಿ, ಕುಂಕುಮ ಸರಿಮಾಡಿಸುವುದು ನನ್ನ ಕೆಲಸದಲ್ಲಿ ಸೇರಿತ್ತು. ನಿಂಬೆವ್ವ ಒಳ್ಳೆಯ ಸೀರೆ ಉಟ್ಟಿದ್ದಳು. ಬೋರ್ಡಿನಲ್ಲಿ ಮುಖ ಮಾತ್ರ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಆದರೂ ಉಟ್ಟಿದ್ದಳು.

“ಸಂಜೀಕ ಬರ್ತದಲ್ಲ?” ಎಂದಳು.

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಹನ್ನೊಂದರಿಂದ ಹನ್ನೆರಡರವರೆಗೆ ನಗು ಸಿಗುತ್ತಿತ್ತು, ನನಗೆ ಕಾಯಂ ಆಗುತ್ತಿತ್ತು. ಇದೆಲ್ಲ ಯೋಚಿಸಿದೆ. ಯೋಚಿಸಲಿಲ್ಲ ಎಂದು ಹೇಳುವುದಿಲ್ಲ.

“ಬರಾಂಗಿಲ್ಲ ನಿಂಬಕ್ಕ,” ಎಂದೆ.

ಅವಳು ಕುಂಕುಮದ ಡಬ್ಬಿಯ ಮುಚ್ಚಳ ಹಾಕಿದಳು. “ಆಣಿ ಮಾಡಿದ್ರಲ್ಲ?”

“ಅವ್ರು ಬಾಗಲಾ ಅಂತ ಆಣಿ ಮಾಡ್ಯಾರ. ಅಲ್ಲಿರೂದು ಟೇಬಲ್.”

ಅವಳು ಒಲೆಗೆ ಹೊಟ್ಟು ಹಾಕಿದಳು. ಆಮೇಲೆ, “ಭಾರ ಐತಿ ಅದು. ಹ್ವಾದ ವರ್ಷ ಹೊತ್ತಾಗ ಕುತ್ತಿಗಿ ಎಂಟ ದಿನ ಹಿಡದಿತ್ತು” ಎಂದಳು. ಅಷ್ಟೇ. ನಾನು ಎದ್ದೆ. ಆಫೀಸಿನ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಅದನ್ನು ಮಂಡಕ್ಕಿ ರಾಶಿಯ ಪಕ್ಕದ ಚೀಲದ ಮೇಲೆ ಇಟ್ಟಿದ್ದೆ, ಹಾಗೇ ಬಿಟ್ಟು ಬಂದೆ. ಆಮೇಲೆ ಕೇಳಿದವರಿಗೆ ಮರೆತೆ ಎಂದು ಹೇಳಿದೆ.

ಹನ್ನೊಂದಕ್ಕೆ ಸರ್ಕಲ್ಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಸ್ಥೆಯ ಆಫೀಸಿನವರೆಲ್ಲ ಬಂದಿದ್ದರು. ವೇದಿಕೆಯ ಮೇಲೆ ಸಮಿತಿಯ ಮೂವರು, ಅವರ ಪಕ್ಕ ಅವರ ಭಾಷೆಗೆ ತಿರುಗಿಸಿ ಹೇಳಲು ಪ್ರಭಂಜನ ಸರ್, ತುದಿಯಲ್ಲಿ ಕ್ಯಾಮೆರಾಗಳಿಗೆ ಬೆನ್ನು ಮಾಡಿ ಉಳವಪ್ಪನವರು. ಅವರು ಸಣ್ಣ ಕಾಯದ ಮುದುಕರು. ಬೆನ್ನು ತಿರುಗಿಸಿ ಕೂತದ್ದರಿಂದ ಅವರಿಗೆ ಜನ ಕಾಣುತ್ತಿರಲಿಲ್ಲ, ಬೋರ್ಡು ಮಾತ್ರ ಕಾಣುತ್ತಿತ್ತು. ನಾನು ಏಣಿಯ ಬುಡದಲ್ಲಿ ಬಟ್ಟೆಗಳನ್ನು ಹಿಡಿದು ನಿಂತಿದ್ದೆ.

ಬೋರ್ಡು ನಗುತ್ತಿತ್ತು. ಸಮಿತಿಯ ಮುಖ್ಯಸ್ಥೆ, ಬಿಳಿಕೂದಲಿನ ಉದ್ದನೆಯ ಹೆಂಗಸು, ತಲೆ ಎತ್ತಿ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡರು. ಹತ್ತು ನಿಮಿಷ ಎಲ್ಲ ಸುಗಮ. ಆಮೇಲೆ ನಗು ಹಾಗೇ ಇದ್ದು ಕಣ್ಣು ಅತ್ತಿತ್ತ ಹೊರಳಿತು, ಏನನ್ನೋ ಹುಡುಕುವಂತೆ. ಬೀಗದ ತೂತನ್ನು ಇರಬೇಕು. ನಂತರ ಹಲ್ಲು ಕಚ್ಚಿತು, ಕತ್ತಿನ ನರ ಉಬ್ಬಿತು, ಹಣೆಯ ಮೇಲೆ ಅಡ್ಡಕ್ಕೆ ಮರದ ಅಂಚೊಂದು ಒತ್ತಿಕೊಂಡು ಬಂತು. ಹಲ್ಲು ಮಾತ್ರ ಎಲ್ಲವೂ ಹೊರಗಿದ್ದವು. ಮಾತು ಕೊಟ್ಟದ್ದಕ್ಕೆ ನಗುತ್ತಿದ್ದಾಳೋ ಭಾರಕ್ಕೆ ಕಿರಿಯುತ್ತಿದ್ದಾಳೋ ಹೇಳುವಂತಿರಲಿಲ್ಲ.

“ಬಟ್ಟೆ! ಬಟ್ಟೆ!” ಎಂದು ಸರ್ ಸನ್ನೆ ಮಾಡಿದರು. ನಾನು ಏಣಿ ಹತ್ತಿ ‘ಈಗ ಸ್ವಂತ ದುಡಿಮೆ’ ಹಾಕಿದೆ. ಸಮಿತಿಯವರು ಚಪ್ಪಾಳೆ ತಟ್ಟಿದರು.

ಜನ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರಿಗೆ ನಿಂಬೆವ್ವನ ಮುಖ ಓದುವುದು ಮೂರು ತಿಂಗಳಿನ ಅಭ್ಯಾಸ. “ಏನೋ ಹೊತ್ತಾಳ” ಎಂದ ಸಿದ್ರಾಮಣ್ಣ. “ಹಣಿ ಮ್ಯಾಲೆ ನೋಡ್ರಿ, ಹಲಗಿ.” “ಹಲಗಿ ಅಲ್ಲೋ, ಬಾಗಲಾ.” “ಉಬ್ಬು ಏರಾಕತ್ತಾಳ, ಉಸಿರು ನೋಡು.” “ಈಗ ತಿರುವು. ಎಡಕ್ಕ ನೋಡಿದ್ಲು.” ಭಾಷಣ ನಡೆಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಸಾವಿರ ಜನ ನಿಂತಲ್ಲೇ ಅವಳ ಜೊತೆ ಕೆಳಗಿನ ಓಣಿಗೆ ನಡೆಯುತ್ತಿದ್ದರು. ಅವಳು ಎಡವಿದಾಗ ಸರ್ಕಲ್ಲಿಗೆ ಸರ್ಕಲ್ಲೇ ‘ಹಾ’ ಎಂದಿತು. ಮುಖದಿಂದ ಮರದ ಅಂಚು ಹೋಗಿ ಅದರ ಕೆಂಪು ಗೆರೆ ಉಳಿದಾಗ, ಇಳಿಸಿದಳು ಎಂದು ಯಾರೋ ಹೇಳಿ ಬೀಡಿ ಹಚ್ಚಿದರು.

ಆಮೇಲೆ ಅವಳು ಮೂರು ಮೊಳೆಗಳನ್ನು ತುಟಿಯ ನಡುವೆ ಕಚ್ಚಿಕೊಂಡಳು. ಒಂದೊಂದು ಮೊಳೆಯೂ ಬೋರ್ಡಿನಲ್ಲಿ ನನ್ನ ಏಣಿಯ ಅರ್ಧದಷ್ಟಿತ್ತು.

ಮುಖ್ಯಸ್ಥೆ ಕೈ ತೋರಿಸಿ ಏನೋ ಕೇಳಿದರು. ಸರ್ ಒಂದು ಕ್ಷಣವೂ ತಡವರಿಸಲಿಲ್ಲ. ಈ ತಾಯಿ ಈಗ ಬಡಗಿ ಕೆಲಸಕ್ಕೂ ಕೈಹಾಕಿದ್ದಾಳೆಂದು ಹೇಳಿರಬೇಕು, ಏಕೆಂದರೆ ಮೂವರೂ ಬರೆದುಕೊಂಡರು. ನಾನು ಉಳವಪ್ಪನವರನ್ನು ನೋಡಿದೆ. ಅವರ ಅಪ್ಪ ಬಡಗಿಯಾಗಿದ್ದರೆಂದು ಸಂಸ್ಥೆಯ ಪುಸ್ತಕದ ಮೊದಲ ಪುಟದಲ್ಲೇ ಇದೆ. ಅವರು ಬೋರ್ಡನ್ನೇ ನೋಡುತ್ತ ನನ್ನನ್ನು ಹತ್ತಿರ ಕರೆದರು.

“ಯಾರ ಮನೀದವ್ವಾ ಆ ಬಾಗಲಾ?”

“ದ್ಯಾಮವ್ವನ ಮನಿದ್ರೀ. ಕೂಟದಾಗ ನೆನಪಿಗಂತ ತಂದಿದ್ದು.”

ಅವರ ದವಡೆ ಸ್ವಲ್ಪ ಅಲುಗಿತು. ಅವರ ಮುಖವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೊಂದೇ ಸಲ. ದಣಿದ, ಸಾಧಾರಣ ಮುಖ. “ಒಬ್ಬಾಕಿಗೆ ಆಗೂ ಕೆಲಸಲ್ಲ ಅದು. ಚೌಕಟ್ಟಿಗೆ ಕೂಡ್ರಸಬೇಕಾದ್ರ ಕೆಳಗ ಯಾರರ ಎತ್ತಿ ಹಿಡೀಬೇಕು” ಎಂದರು.

ನಿಂಬೆವ್ವ ಮೊಳೆ ಕಚ್ಚಿಕೊಂಡು ಮೇಲೆ ನೋಡಿದಳು, ಬೆವರಿದಳು, ಮತ್ತೆ ನೋಡಿದಳು. ಆಗುತ್ತಿರಲಿಲ್ಲ. ಆಗ ಅವಳ ಕಣ್ಣು ಇದ್ದಕ್ಕಿದ್ದಂತೆ ಕೆಳಗೆ, ಬಲಕ್ಕೆ ಹೋಗಿ ಅಲ್ಲೇ ನಿಂತವು. ಯಾರೋ ಬಂದಿದ್ದರು. ನಿಂಬೆವ್ವನ ಬಾಯಲ್ಲಿ ಮೊಳೆ ಇದ್ದವು. ಸುಮ್ಮನೆ ತಲೆ ಆಡಿಸಿದಳು. ಸ್ವಲ್ಪ ಹೊತ್ತಿಗೆ ಒಂದು ಮೊಳೆ ಕಡಿಮೆಯಾಯಿತು. ಆಮೇಲೆ ಇನ್ನೊಂದು. ಸಿದ್ರಾಮಣ್ಣ ಗಟ್ಟಿಯಾಗಿ ಎಣಿಸಿದ. ಮೂರನೆಯದೂ ಹೋದಾಗ ಜನ ಕೂಗಿದ ಕೂಗಿಗೆ ಸಮಿತಿಯವರು ಬೆಚ್ಚಿ, ಪ್ರಶಸ್ತಿಗೆ ಎಂದುಕೊಂಡು ಎದ್ದು ನಿಂತು ಕೈಮುಗಿದರು.

ಪ್ರಶಸ್ತಿ ಬಂತು. ನನ್ನ ಕೆಲಸವೂ ಕಾಯಂ ಆಯಿತು, ಆದೇಶ ಆ ಸಂಜೆಯೇ ಬರೆದಾಗಿತ್ತು. ಮರುದಿನ ಬೆಳಿಗ್ಗೆ ಆಫೀಸಿಗೆ ಹೋದರೆ ಬೀಗದ ಕೈ ಬಾಗಿಲಲ್ಲೇ ತೂಗುತ್ತಿತ್ತು. ಒಳಗೆ ಎರಡು ಡ್ರಮ್ಮುಗಳು ದೂರದೂರ ನಿಂತಿದ್ದವು. ನನ್ನ ಕಾಗದಗಳನ್ನೆಲ್ಲ ನೆಲದ ಮೇಲೆ ಒಪ್ಪವಾಗಿ ಜೋಡಿಸಿ, ಹಾರದಂತೆ ಮಂಡಕ್ಕಿಯ ಒಂದು ಪೊಟ್ಟಣ ಇಟ್ಟಿದ್ದಳು.

ಪ್ರಭಂಜನ ಸರ್ ಬಂದರು. ಸೊಂಟದ ಮೇಲೆ ಕೈ ಇಟ್ಟು ನಿಂತರು. “ಇದು ಕಳ್ಳತನ. ಸ್ಟೇಷನ್ನಿಗೆ ದೂರು ಕೊಡೋಣ. ಬರಕೋ.”

ನಾನು ನೆಲದ ಮೇಲೆ ಕೂತು ಮೊಣಕಾಲಿನ ಮೇಲೆ ಕಾಗದ ಇಟ್ಟುಕೊಂಡೆ. “ಕಳುವಾದ ವಸ್ತು ಏನಂತ ಬರೀಲಿ ಸರ್?”

“ಟೇಬಲ್.”

“ಕೊಂಡ ರಸೀತಿ ಕೇಳ್ತಾರೆ. ನಮ್ಮ ಸಾಮಾನಿನ ಪಟ್ಟಿಯಲ್ಲಿ ಟೇಬಲ್ ಇಲ್ಲ.”

“ಎಲ್ಲಿಂದಲೋ ಬಂದಿತ್ತಲ್ಲ...” ಎಂದು ಶುರು ಮಾಡಿ ನಿಲ್ಲಿಸಿದರು.

“ಬಾಗಿಲು ಅಂತ ಬರೀಲಾ ಸರ್?”

ಅವರು ಡ್ರಮ್ಮುಗಳನ್ನು ನೋಡಿದರು. ನಿನ್ನೆ ಮೂರು ದೇಶದವರ ಎದುರು ಓದಿದ ಹೇಳಿಕೆಯ ಪ್ರತಿ ನನ್ನ ಕಾಲಿನ ಹತ್ತಿರವೇ, ಮಂಡಕ್ಕಿ ಪೊಟ್ಟಣದ ಕೆಳಗಿತ್ತು, ‘ಇರಿಸಿಕೊಂಡಿಲ್ಲ’ದ ನಡುವಿನ ತೂತಿನ ಸಮೇತ. “ಬಿಡು,” ಎಂದರು ಕೊನೆಗೆ. “ಇಲ್ಲಿ ಏನೂ ಇರಲಿಲ್ಲ.” ಆಮೇಲೆ ಒಂದು ಡ್ರಮ್ಮನ್ನು ತಾವೇ ಉರುಳಿಸಿ ನನ್ನ ಹತ್ತಿರ ತಂದು, “ಇದರ ಮೇಲೆ ಬರಕೋ, ಹೊಸದು ತರಿಸ್ತೀನಿ” ಎಂದರು. ಒಳ್ಳೆಯ ಮನುಷ್ಯರು ಎಂದು ಆಗಲೇ ಹೇಳಿದೆನಲ್ಲ.

ಹನ್ನೊಂದಕ್ಕೆ ನಾನು ಸರ್ಕಲ್ಲಿಗೆ ಹೋದೆ. ನಿಂಬೆವ್ವ ರೊಟ್ಟಿ ತಿನ್ನುವ ಹೊತ್ತು, ‘ಈಗ ಹೊಟ್ಟೆತುಂಬ’ ಹಾಕಬೇಕಿತ್ತು. ಆದರೆ ಬೋರ್ಡಿನಲ್ಲಿ ದವಡೆ ಆಡುತ್ತಿರಲಿಲ್ಲ. ಕುತ್ತಿಗೆ ಒಂದು ಕಡೆ ಹಿಡಿದುಕೊಂಡು ವಾಲಿತ್ತು. ಕಣ್ಣು ನೆಲ ನೋಡುತ್ತಿದ್ದವು. ಒಮ್ಮೆ ಬಾಯಿ ತೆರೆದು ಏನೋ ಹೇಳಲು ಹೋಗಿ, ಹೇಳಲಾಗದೆ ಮುಚ್ಚಿಕೊಂಡಳು. ಮತ್ತೆ ತೆರೆದಳು, ಮತ್ತೆ ಮುಚ್ಚಿಕೊಂಡಳು. ಅವಳ ರೆಪ್ಪೆಗಳು ಆಗಾಗ ಪಟಪಟ ಬಡಿಯುತ್ತಿದ್ದವು, ಎದುರಿನಿಂದ ಮಾತಿನ ಜೊತೆ ಎಂಜಲೂ ಹಾರಿ ಬರುತ್ತಿದ್ದಂತೆ.

ಚಹಾದಂಗಡಿಯ ಮುಂದೆ ಜನ ಗ್ಲಾಸು ಹಿಡಿದು ಮೇಲೆ ನೋಡುತ್ತ ನಿಂತಿದ್ದರು. “ದ್ಯಾಮವ್ವ ಬೈಯಾಕತ್ತಾಳ,” ಎಂದ ಸಿದ್ರಾಮಣ್ಣ. “ಬೆಳಿಗ್ಗಿಂದ ಶುರು ಆಗೇತಿ. ನಮ್ಮ ಹುಡುಗಿ ಆ ಓಣಿಯಿಂದ ಈಗ ಬಂದ್ಲು. ಬಾಗಲಾ ಸೊಟ್ಟ ಕೂಡೇತಂತ, ನೆಲಕ್ಕ ಉಜ್ಜತೈತಂತ, ಚಿಲಕ ಹೊರಗಿನ ಬದಿಗೆ ಬಂದೇತಂತ. ಹನ್ನೊಂದು ತಿಂಗಳದ್ದು ಒಮ್ಮಿಗೇ ತಗದಾಳ.”

ನಿಂಬೆವ್ವನ ಕೆಳದುಟಿ ನಡುಗಿತು. ಎದುರಿನವಳು ಉಸಿರು ತೆಗೆದುಕೊಂಡಿರಬೇಕು, ಒಂದು ಕ್ಷಣ ತಲೆ ಎತ್ತಿದಳು. ಮತ್ತೆ ತಗ್ಗಿಸಿದಳು. ಅಲ್ಲಿಂದ ಹೋಗುವ ಲಕ್ಷಣ ಮಾತ್ರ ಅವಳ ಮುಖದಲ್ಲಿ ಎಲ್ಲಿಯೂ ಇರಲಿಲ್ಲ.

“ಇದಕ್ಕ ಯಾವ ಬಟ್ಟಿ ಹಾಕ್ತೀರಿ ಮೇಡಂ?” ಎಂದ ಸಿದ್ರಾಮಣ್ಣ.

ಏಳೂ ನನ್ನ ಕಂಕುಳಲ್ಲಿದ್ದವು. ಅವನ್ನು ಸ್ಟೂಲಿನ ಮೇಲಿಟ್ಟು, ಅವುಗಳ ಮೇಲೆ ಕೂತುಕೊಂಡೆ.

“ಯಾವುದೂ ಬ್ಯಾಡ,” ಎಂದೆ. “ಬೈಸ್ಕೊಳ್ಳಲಿ. ಒಂದು ಚಹಾ ಕೊಡು.”